ಚಿಲಿಕಾದಲ್ಲಿ ಹಕ್ಕಿ, ಡಾಲ್ಫಿನ್ ನೋಡೋದು ಹೇಗೆ

ಒಡಿಶಾದ ಚಿಲಿಕಾ ಸರೋವರಕ್ಕೆ ಹೋಗೋರು ಮೊದಲು ಹಕ್ಕಿ ನೋಡ್ಬೇಕಾ ಡಾಲ್ಫಿನ್ ನೋಡ್ಬೇಕಾ ಅಂತ ತೀರ್ಮಾನ ಮಾಡ್ಕೊಳ್ಳಿ, ಯಾಕಂದ್ರೆ ಅದು ಮಳೆಗಾಲದಲ್ಲಿ 1,100 ಚದರ ಕಿ.ಮೀ. ದಾಟೋ ಸರೋವರ, ಎರಡೂ ಬೇರೆ ಬೇರೆ ದಿಕ್ಕಲ್ಲಿವೆ. ಒಂದೇ ದಿನ ಎರಡನ್ನೂ ಮುಗಿಸ್ತೀನಿ ಅಂತ ಹೊರಟ್ರೆ ರೋಡಲ್ಲೇ ಹೊತ್ತು ಹೋಗುತ್ತೆ.

ಹಕ್ಕಿ ಅಂದ್ರೆ ಸರೋವರದ ದಂಡೆಯ ಊರು ಮಂಗಳಾಜೋಡಿ. ಡಿಸೆಂಬರ್, ಜನವರಿ ಬೆಸ್ಟ್, ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ದೋಣಿಯಲ್ಲಿರಿ. ಇಲ್ಲಿ ಮೋಟಾರ್ ಇಲ್ಲ, ಬಿದಿರು ಗಳದಿಂದ ದೋಣಿ ತಳ್ತಾರೆ. ಒಂದು ಕಾಲಕ್ಕೆ ಈ ಊರಲ್ಲಿ ಹಕ್ಕಿ ಬೇಟೆ ಜೋರಾಗಿತ್ತು, ಅದೇ ಬೇಟೆಗಾರರಲ್ಲಿ ಎಷ್ಟೋ ಜನ ಈಗ ಕಾವಲುಗಾರರು, ಗೈಡ್‌ಗಳು, ಯಾವ ಹುಲ್ಲಿನ ಹಿಂದೆ ಯಾವ ಹಕ್ಕಿ ಅಂತ ಅವರಷ್ಟು ಗೊತ್ತಿರೋರು ಯಾರೂ ಇಲ್ಲ, ಹಾಗಾಗಿ ಲೋಕಲ್ ಗೈಡ್‌ನೇ ತಗೊಳ್ಳಿ. ಸೂಜಿಬಾಲದ ಬಾತು, ಉದ್ದ ಕೊಕ್ಕಿನ ಗಾಡ್‌ವಿಟ್, ನೇರಳೆ ಜಂಬುಕೋಳಿ ಎಲ್ಲ ಹತ್ತಿರದಲ್ಲೇ ಕಾಣ್ತವೆ. ಇನ್ನೂ ಹತ್ತಿರ ಹೋಗಿ ಅಂತ ಮಾತ್ರ ಹಠ ಮಾಡ್ಬೇಡಿ. ಮೇಯ್ತಿರೋ ಹಕ್ಕಿಗಳು ಒಟ್ಟಿಗೆ ತಲೆ ಎತ್ತಿದ್ರೆ ಅಲ್ಲೇ ನಿಲ್ಲಿಸಿ, ಅವುಗಳಲ್ಲಿ ಎಷ್ಟೋ ಸಾವಿರಾರು ಕಿ.ಮೀ. ಹಾರಿ ಬಂದು ವಾಪಸ್ ಹೋಗೋಕೆ ಶಕ್ತಿ ತುಂಬ್ಕೊಳ್ತಿರೋ ಜೀವಗಳು, ಒಂದು ಫೋಟೋಗೋಸ್ಕರ ಎಬ್ಬಿಸೋದು ದೊಡ್ಡ ಅನ್ಯಾಯ.

ಡಾಲ್ಫಿನ್‌ಗೆ ಪುರಿ ಕಡೆಯ ಸಾತಪಡಾ. ಇವು ಇರಾವಡಿ ಡಾಲ್ಫಿನ್, ವರ್ಷಪೂರ್ತಿ ಇಲ್ಲೇ ಇರ್ತವೆ. ಉದ್ದ ಮೂತಿ ಇಲ್ಲ, ಗುಂಡು ತಲೆ, ಟಿವಿಯಲ್ಲಿ ನೋಡಿದ ಹಾಗೆ ಎಗರಿ ಎಗರಿ ಬೀಳೋ ಜಾತಿನೂ ಅಲ್ಲ, ಬೆನ್ನು ಮತ್ತೆ ಪುಟ್ಟ ರೆಕ್ಕೆ ಒಂದೆರಡು ಸೆಕೆಂಡ್ ಕಂಡು ಮಾಯ. ಶಬ್ದ ಕೇಳಿಸ್ಕೊಂಡೇ ದಾರಿ, ಆಹಾರ ಹುಡುಕೋ ಪ್ರಾಣಿಗೆ ಸುತ್ತ ನಾಲ್ಕು ಬೋಟ್ ಇಂಜಿನ್ ಗುರ್ರ್ ಅಂದ್ರೆ ಏನಾಗ್ಬೇಡ, ಪ್ರೊಪೆಲರ್ ತಾಗಿದ್ರಂತೂ ಜೀವಕ್ಕೇ ಅಪಾಯ. ಅದಕ್ಕೆ ರೇಟ್ ಮಾತಾಡೋವಾಗ್ಲೇ "ಅಟ್ಟಿಸ್ಕೊಂಡು ಹೋಗೋದು ಬೇಡ, ದೂರದಲ್ಲಿ ಇಂಜಿನ್ ಆಫ್ ಮಾಡಿ ಕಾಯೋಣ" ಅಂತ ಹೇಳಿಬಿಡಿ. ಬೋಟಿನವರು ಅಟ್ಟಿಸ್ಕೊಂಡು ಹೋಗೋದು ಡಾಲ್ಫಿನ್ ಕಾಣದಿದ್ರೆ ಟೂರಿಸ್ಟ್ ಬೈತಾರೆ ಅನ್ನೋ ಭಯಕ್ಕೂ ಹೌದು.

ಸರೋವರದೊಳಗಿನ ನಲಬಣ ದ್ವೀಪ 1987ರಿಂದ ಪಕ್ಷಿಗಳ ಅಭಯಾರಣ್ಯ, ಮಳೆಗಾಲದಲ್ಲಿ ನೀರೊಳಗೆ ಮುಳುಗಿ ಚಳಿಗಾಲಕ್ಕೆ ಮೇಲೆ ಬರುತ್ತೆ. ಅಲ್ಲಿ ಇಳೀತೀವಿ ಅಂತ ಕೇಳ್ಲೇಬೇಡಿ.

ಇಷ್ಟೆಲ್ಲ ಹೇಳೋಕೆ ಕಾರಣ ಇದೆ, 1981ರಲ್ಲೇ ರಾಮ್ಸಾರ್ ಪಟ್ಟಿ (ಜಗತ್ತಿನ ಮುಖ್ಯ ಜೌಗುಗಳ ಪಟ್ಟಿ) ಸೇರಿದ ಚಿಲಿಕಾ ಆಮೇಲೆ ಹೂಳು ತುಂಬಿ, ಸಮುದ್ರದ ಉಪ್ಪುನೀರು ಒಳಗೆ ಬರೋದು ಕಮ್ಮಿಯಾಗಿ, ಅಪಾಯದಲ್ಲಿರೋ ಜೌಗುಗಳ ಲಿಸ್ಟಿಗೆ ಬಿದ್ದಿತ್ತು. 2000ದಲ್ಲಿ ಸಮುದ್ರಕ್ಕೆ ಹೊಸ ಅಳಿವೆ ತೋಡಿದ ಮೇಲೆ ಮೀನು ಮರಳಿತು, 2002ರಲ್ಲಿ ಆ ಲಿಸ್ಟಿಂದ ಹೊರಗೂ ಬಂತು.

ಬೈನಾಕ್ಯುಲರ್, ಟೋಪಿ, ಮಣ್ಣುಬಣ್ಣದ ಬಟ್ಟೆ ಇರಲಿ. ಡ್ರೋನ್ ಬೇಡ, ಚಿಪ್ಸ್ ಕವರ್ ವಾಪಸ್ ಬ್ಯಾಗಿಗೆ ಹಾಕ್ಕೊಳ್ಳಿ.