ಸಲಹೆ ಠರಾವಾಗುವ ತನಕ: ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯಲ್ಲಿ ನನ್ನ ಅನುಭವ

2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪದ ಒಣಬೇಸಾಯದ ಒಂದು ಗ್ರಾಮ ಪಂಚಾಯ್ತಿಯಲ್ಲಿ ನಾನು ಇಂಥ ಸಮಿತಿಯ ಸದಸ್ಯನಾಗಿದ್ದು, ಈಗ ಅದರ ಅಧ್ಯಕ್ಷನಾಗಿದ್ದೇನೆ. ಪಶುಸಂಗೋಪನಾ ಇಲಾಖೆಯಿಂದ ನಿವೃತ್ತನಾದ ಮೇಲೆ ಹಿಡಿದ ಈ ಕೆಲಸಕ್ಕೆ ಸಂಬಳವಿಲ್ಲ, ಮತ್ತು ಕಾಮಗಾರಿಯೊಂದನ್ನು ನಿಲ್ಲಿಸಿರೆಂದು ಆದೇಶ ಹೊರಡಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ನಮ್ಮ ಬಳಿ ಇರುವುದು ಸಲಹೆ ಮಾತ್ರ. ಆ ಸಲಹೆ ಯಾವ ತಿಂಗಳಲ್ಲಿ, ಯಾವ ರೂಪದಲ್ಲಿ ಪಂಚಾಯ್ತಿಯ ಮೇಜಿಗೆ ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆಯೆಂದು ನಾನು ಈ ಕೆಲಸ ಮಾಡುತ್ತ ಕಂಡುಕೊಂಡೆ. ಬೇರೆ ಪಂಚಾಯ್ತಿಗಳ ಸಮಿತಿಯವರಿಗೆ ಉಪಯೋಗವಾದೀತೆಂದು ನಾವು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಮಿತಿ ರಚನೆಯಾದದ್ದು ಆ ಕಾಯ್ದೆಯಡಿ ಆಗ ಜಾರಿಯಲ್ಲಿದ್ದ 2004ರ ನಿಯಮಗಳಂತೆ. ಒಬ್ಬ ಅಧ್ಯಕ್ಷ, ಪಂಚಾಯ್ತಿ ನಾಮನಿರ್ದೇಶನ ಮಾಡಿದ ಆರಕ್ಕೆ ಮೀರದ ಸದಸ್ಯರು, ಅವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರು, ಶೇ 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ, ಪಂಗಡದವರು. ಈ ಲೆಕ್ಕವನ್ನು ಕಾಗದದ ಮೇಲೆ ತುಂಬುವುದು ಸುಲಭ. ಆದರೆ ಕುರಿ ಕಾಯುವವರೊಬ್ಬರು ಮತ್ತು ಮನೆಯಲ್ಲಿ ಬೀಜ ಕಟ್ಟಿಡುವ ಹೆಣ್ಣುಮಗಳೊಬ್ಬರು ಇಲ್ಲದಿದ್ದರೆ ಸಮಿತಿಗೆ ಕಣ್ಣೇ ಇರುವುದಿಲ್ಲವೆಂದು ನಾವು ಹಟ ಹಿಡಿದೆವು. ಆ ಹಟ ಮುಂದೆ ಎಲ್ಲ ಕೆಲಸಕ್ಕೂ ಆಧಾರವಾಯಿತು.

ಸಮಿತಿಯ ಮೊದಲ ಹೊಣೆ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಬೆಳೆಗಳನ್ನು ಊರವರಿಂದಲೇ ಕೇಳಿ ಬರೆದಿಡುವ ಪುಸ್ತಕ. ಇದನ್ನು 2020ರ ಜನವರಿ 31ರೊಳಗೆ ಮುಗಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದೂ ಹೇಳಿತ್ತು. ಆ ಅವಸರದಲ್ಲಿ ಒಂದು ಸಂಸ್ಥೆ ನಮ್ಮ ಪಂಚಾಯ್ತಿಗೂ ಒಂದು ದಾಖಲಾತಿ ಮಾಡಿಕೊಟ್ಟಿತು. ಅದರಲ್ಲಿ ಮಲೆನಾಡಿನಲ್ಲಷ್ಟೇ ಬೆಳೆಯುವ ಗಿಡಗಳ ಹೆಸರುಗಳಿದ್ದವು, ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಬಿತ್ತುವ ನಮ್ಮ ಹೊಲಗಳ ಅಕ್ಕಡಿ ಸಾಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥ ಪುಸ್ತಕವನ್ನು ಮುಂದಿಟ್ಟುಕೊಂಡು ಯಾರಿಗೂ ಸಲಹೆ ಕೊಡಲಾಗದು. ಆದ್ದರಿಂದ ಅದನ್ನು ಬದಿಗಿಟ್ಟು, ಊರೂರಿಗೆ ಹೋಗಿ ಹೊಸದಾಗಿ ಬರೆಯತೊಡಗಿದೆವು.

ಬರೆಯುವಾಗ ಒಂದು ಕ್ರಮವನ್ನು ಬಿಡದೆ ಪಾಲಿಸಿದೆವು. ಗಿಡ, ಹಕ್ಕಿ, ಬೆಳೆ, ದನಕರು ಯಾವುದೇ ಇರಲಿ, ಅದು ಯಾವ ಸರ್ವೆ ನಂಬರಿನಲ್ಲಿದೆ, ಯಾವ ತಿಂಗಳಲ್ಲಿ ಕಾಣುತ್ತದೆ, ಯಾರು ಅದನ್ನು ಬಳಸುತ್ತಾರೆ ಎಂಬ ಮೂರನ್ನೂ ಕೂಡಿಸಿಯೇ ನಮೂದಿಸಿದೆವು. ನವಣೆ, ಸಜ್ಜೆಯ ಸಾಲುಗಳ ನಡುವೆ ಇನ್ನೂ ಮಡಿಕೆ, ಅಲಸಂದಿ, ಪುಂಡಿ ಬಿತ್ತುವವರು ಯಾರೆಂಬುದನ್ನು ಹೆಣ್ಣುಮಕ್ಕಳೇ ಹೇಳಿದರು. ಊರ ಗೋಮಾಳವಾದ ಗಾಯರಾಣದ ಯಾವ ಮೂಲೆಯಲ್ಲಿ ಯಾವ ಹುಲ್ಲು ಉಳಿದಿದೆ ಎಂಬುದನ್ನು ಕೆಂಗುರಿ ಸಾಕುವ ಕುರಿಗಾರರು ತೋರಿಸಿದರು. ಇಲಾಖೆಯಲ್ಲಿ ವರ್ಷಗಟ್ಟಲೆ ಆ ಕುರಿಗಳಿಗೆ ಲಸಿಕೆ ಹಾಕಿದವನು ನಾನು. ಆದರೂ ಅವು ಋತುವಿಗೊಂದು ದಾರಿ ಹಿಡಿದು ಮೇಯುವುದರ ಹಿಂದಿನ ಲೆಕ್ಕಾಚಾರ ನನಗೆ ಸ್ಪಷ್ಟವಾದದ್ದು ಈ ದಾಖಲಾತಿಯ ಕೆಲಸದಲ್ಲಿಯೇ. ಸರ್ವೆ ನಂಬರ್ ಬರೆದದ್ದರಿಂದ ಆದ ಲಾಭವೆಂದರೆ, ಪಂಚಾಯ್ತಿಯ ಕಾಮಗಾರಿ ಪಟ್ಟಿಯಲ್ಲಿಯೂ ಸ್ಥಳ ಗುರುತಿಸುವುದು ಸರ್ವೆ ನಂಬರಿನಿಂದಲೇ ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಹಾಗೆ ಇಟ್ಟು ನೋಡಿದಾಗ ಕಣ್ಣಿಗೆ ಬಿದ್ದದ್ದು ಉದ್ಯೋಗ ಖಾತ್ರಿ ಯೋಜನೆಯಡಿ ನಮ್ಮ ಕೆರೆಯ ಹೂಳೆತ್ತುವ ಮತ್ತು ಬಳ್ಳಾರಿ ಜಾಲಿ ತೆಗೆಯುವ ಪ್ರಸ್ತಾವ. ಬಳ್ಳಾರಿ ಜಾಲಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಈ ದೇಶಕ್ಕೆ ತಂದದ್ದು. ಅದರ ಸಿಹಿಯಾದ ಕಾಯಿಯನ್ನು ಆಡು, ಕುರಿ ತಿಂದು, ಬೀಜ ಹಿಕ್ಕೆಯಲ್ಲಿ ಹೊರಬಂದು ಹೋದಲ್ಲೆಲ್ಲ ಮೊಳೆಯುತ್ತದೆ. ಕೆರೆಯಂಗಳದ ಅರ್ಧಕ್ಕೂ ಹೆಚ್ಚು ಭಾಗವನ್ನು ಅದು ನುಂಗಿತ್ತು, ಅದನ್ನು ತೆಗೆಯಬೇಕೆಂಬುದರಲ್ಲಿ ನಮಗೂ ಎರಡು ಮಾತಿರಲಿಲ್ಲ. ಆದರೆ ಪ್ರಸ್ತಾವದಲ್ಲಿ ಇದ್ದದ್ದು ಇಡೀ ಅಂಗಳವನ್ನು ಒಂದೇ ಸಮನೆ ಕೆರೆದು ಬೋಳು ಮಾಡುವ ಯೋಚನೆ. ಅಂಗಳದ ನಡುವೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹಳೆಯ ಕರಿಜಾಲಿ ಮರಗಳಿದ್ದವು, ಅಂಚಿನಲ್ಲಿ ಬನ್ನಿ ಗಿಡಗಳಿದ್ದವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ತಂಗುವುದು ಮೊಣಕಾಲುದ್ದ ನೀರಿರುವ ಅದೇ ಅಂಚಿನಲ್ಲಿ.

ಇದಕ್ಕಿಂತ ತೊಡಕಿನ ಮಾತು ವಾರ್ಡ್ ಸಭೆಯಲ್ಲಿ ಬಂತು. ಕೂಲಿ ಮಾಡಿ ಬದುಕುವ ತಾಯಿಯೊಬ್ಬರು ಎದ್ದುನಿಂತು, “ಪೂರಾ ಕಡದ್ರ ನಾವು ಒಲಿಗೆ ಏನ್ ಹಾಕೂಣ್ರಿ ಸರ?” ಎಂದು ಕೇಳಿದರು. ಸಿಲಿಂಡರ್ ಮನೆಯಲ್ಲಿದ್ದರೂ ತುಂಬಿಸಲು ಹಣವಿಲ್ಲದ ಎಷ್ಟೋ ಮನೆಗಳಿಗೆ ಆ ಜಾಲಿಯೇ ಸೌದೆ. ಅದನ್ನು ಸುಟ್ಟು ಇದ್ದಿಲು ಮಾಡಿ ಮಾರುವವರೂ ಇದ್ದಾರೆ. ಪರಿಸರದ ಹೆಸರಿನಲ್ಲಿ ಅವರ ಒಲೆ ಆರಿಸುವ ಸಲಹೆಯನ್ನು ಕೊಡುವುದು ನ್ಯಾಯವಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದ್ದರಿಂದ ಕೆರೆಯಂಗಳ ಮತ್ತು ಏರಿಯ ಮೇಲಿನ ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಯುವುದು, ಗಾಯರಾಣದ ಜಾಲಿಯನ್ನು ಪಾಲು ಪಾಲಾಗಿ, ಒಂದು ಪಾಲು ಮುಗಿದು ಅಲ್ಲಿ ಬೇರೆ ಗಿಡ ನೆಲೆನಿಂತ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು, ಕಡಿದ ಸೌದೆಯನ್ನು ಹರಾಜು ಮಾಡದೆ ಕೆಲಸಕ್ಕೆ ಬಂದ ಮನೆಗಳಿಗೇ ಬಿಡುವುದು ಎಂದು ಬರೆದೆವು.

ಪಂಚಾಯ್ತಿಗೆ ಈ ಸಲಹೆಯ ಪತ್ರ ಬರೆದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಬೇಡಿಕೆಗಳು ಸೇರುವುದು ಅಕ್ಟೋಬರ್ 2ರ ಸುಮಾರಿಗೆ ಆರಂಭವಾಗುವ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ. ಯೋಜನೆ ಮಂಜೂರಾಗಿ ಅಂದಾಜು ಪತ್ರಿಕೆ ತಯಾರಾದ ಮೇಲೆ ಎಷ್ಟೇ ಒಳ್ಳೆಯ ಸಲಹೆ ಕೊಟ್ಟರೂ ಅದು ತಕರಾರು ಎನಿಸಿಕೊಳ್ಳುತ್ತದೆ. ಅದೇ ಮಾತನ್ನು ಗ್ರಾಮಸಭೆಗೆ ಮುಂಚೆ ಹೇಳಿದರೆ ಅಂದಾಜು ಪತ್ರಿಕೆಯ ಒಂದು ಸಾಲಾಗುತ್ತದೆ. ನಾವು “ಪರಿಸರ ಉಳಿಸಿ” ಎಂಬಂಥ ಮಾತನ್ನು ಪತ್ರದಲ್ಲಿ ಎಲ್ಲಿಯೂ ಬಳಸಲಿಲ್ಲ. ಏರಿಯ ಬುಡಕ್ಕೆ ಹೊಂದಿ ಅಗೆಯಬಾರದು, ದಡವನ್ನು ಕಡಿದಾಗಿ ಕತ್ತರಿಸದೆ ಇಳಿಜಾರಾಗಿ ಬಿಡಬೇಕು, ಗುರುತು ಮಾಡಿದ ಮರಗಳ ಸುತ್ತಲಿನ ಮಣ್ಣನ್ನು ದಿಬ್ಬವಾಗಿ ಉಳಿಸಬೇಕು, ಜಾಲಿಯ ಬುಡವನ್ನು ನೆಲಮಟ್ಟದಲ್ಲಿ ಕೊಯ್ಯದೆ ಸುಮಾರು ಒಂದು ಅಡಿ ಕೆಳಗಿನಿಂದ ಬೇರು ಕತ್ತರಿಸಿ ತೆಗೆಯಬೇಕು ಎಂದು ಬರೆದೆವು. ನೆಲಮಟ್ಟದಲ್ಲಿ ಕಡಿದ ಜಾಲಿ ಒಂದು ಮಳೆಗೆ ಹತ್ತು ಕವಲಾಗಿ ಚಿಗುರುವುದರಿಂದ ಆ ಕೂಲಿ ಪೂರ್ತಿ ವ್ಯರ್ಥವಾಗುತ್ತದೆ ಎಂಬ ಮಾತು ಕಿರಿಯ ಎಂಜಿನಿಯರ್ (ಜೆ.ಇ.) ಅವರಿಗೆ ತಕ್ಷಣ ಹಿಡಿಸಿತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಇದನ್ನು ಸಭೆಯ ಕಾರ್ಯಸೂಚಿಗೆ ಸೇರಿಸಿದರು, ಸದಸ್ಯರು ಒಪ್ಪಿದರು, ನಡಾವಳಿ ಪುಸ್ತಕದಲ್ಲಿ ಠರಾವಾಯಿತು. ಸಹಿಯಾದ ಠರಾವಿನ ನಕಲನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಮುಂದಿನ ಹೆಜ್ಜೆ ಇಟ್ಟೆವು.

ಠರಾವಾದ ಮೇಲೂ ಕೆಲಸ ಸ್ಥಳದಲ್ಲಿ ಕೆಡಬಹುದು. ಬನ್ನಿಯೂ ಬಳ್ಳಾರಿ ಜಾಲಿಯೂ ಸಸ್ಯಶಾಸ್ತ್ರದಲ್ಲಿ ಹತ್ತಿರದ ಸಂಬಂಧಿಗಳು. ಎಳೆಯ ಗಿಡಗಳು ಮೊದಲ ನೋಟಕ್ಕೆ ಒಂದೇ ತರಹ ಕಾಣುತ್ತವೆ. ಕೆಲಸ ಆರಂಭವಾಗುವ ಮುನ್ನ ಕೂಲಿಕಾರರ ಗುಂಪುಗಳ ಮೇಲ್ವಿಚಾರಕರಾದ ಕಾಯಕ ಬಂಧುಗಳನ್ನು ಕರೆದುಕೊಂಡು, ಸಮಿತಿಯ ಸದಸ್ಯರಾದ ಹಿರಿಯ ಕುರಿಗಾರರೊಡನೆ ಅಂಗಳವನ್ನೆಲ್ಲ ನಡೆದೆವು. ಅವರು ಎರಡು ಟೊಂಗೆಗಳನ್ನು ಮುರಿದು ಅಂಗೈಯಲ್ಲಿ ಜೋಡಿಸಿಟ್ಟು, “ಮುಳ್ಳ ನೋಡ್ರಿ, ಅದ ಹೇಳತೈತಿ” ಎಂದರು. ಜಾಲಿಯಲ್ಲಿ ಎಲೆ ಹುಟ್ಟುವ ಗೆಣ್ಣಿನಲ್ಲಿಯೇ ಉದ್ದನೆಯ ಮುಳ್ಳು, ಹೆಚ್ಚಾಗಿ ಜೋಡಿಯಾಗಿ, ನೆಟ್ಟಗೆ ಚಾಚಿತ್ತು. ಬನ್ನಿಯಲ್ಲಿ ಮುಳ್ಳು ಗಿಡ್ಡ, ಬುಡ ಅಗಲ, ಮತ್ತು ಅದು ಇದ್ದದ್ದು ಗೆಣ್ಣು ಗೆಣ್ಣುಗಳ ನಡುವಿನ ಭಾಗದಲ್ಲಿ. ಒಮ್ಮೆ ಬೆರಳಿನಿಂದ ಸವರಿ ನೋಡಿದವರು ಮತ್ತೆ ಮರೆಯುವುದಿಲ್ಲ. ಉಳಿಸಬೇಕಾದ ಪ್ರತಿ ಬನ್ನಿಗೂ ಕರಿಜಾಲಿಗೂ ಎದೆಯೆತ್ತರದಲ್ಲಿ ಸುಣ್ಣದ ಪಟ್ಟಿ ಬಳಿದೆವು. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರವೆನ್ನುವ ಊರಿನಲ್ಲಿ, ಆ ಗಿಡವೆಂದು ಗೊತ್ತಾದ ಮೇಲೆ ಯಾರೂ ಅದಕ್ಕೆ ಕೊಡಲಿ ಹಾಕಲಿಲ್ಲ.

ತೋಳಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳ ವನ್ಯಜೀವಿಧಾಮವಿದೆ. ಆದರೆ ತೋಳ ಧಾಮದ ಗಡಿ ನೋಡಿ ನಡೆಯುವುದಿಲ್ಲ, ಕುರಿಗಾರನ ನಷ್ಟವೂ ಅಲ್ಲಿಗೇ ನಿಲ್ಲುವುದಿಲ್ಲ. ಕಾಡುಪ್ರಾಣಿಯಿಂದ ಸತ್ತ ಕುರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅರ್ಜಿ ಬರೆದುಕೊಡುವುದು, ಪಶುವೈದ್ಯರ ಮರಣೋತ್ತರ ವರದಿ ಬೇಗ ಸಿಗುವಂತೆ ನೋಡಿಕೊಳ್ಳುವುದು ಸಮಿತಿಯ ಕೆಲಸವೆಂದು ಎಲ್ಲಿಯೂ ಬರೆದಿಲ್ಲ. ಆದರೂ ನಾನು ಅದನ್ನು ಮಾಡುತ್ತೇನೆ. ನಷ್ಟ ತುಂಬಿಕೊಡದೆ ಕುರಿಗಾರನಿಗೆ ತೋಳ ಉಳಿಸೆಂದು ಹೇಳುವ ಬಾಯಿ ನನಗಿಲ್ಲ.

ಸದ್ಯ ನಮ್ಮ ಮುಂದಿರುವುದು ಕೆರೆಯ ಮೀನು ಗುತ್ತಿಗೆ. ಕಾಟ್ಲಾ, ರೋಹು ಬಿಡುವುದಕ್ಕೆ ನಮ್ಮ ತಕರಾರಿಲ್ಲ. ದೇಶದಲ್ಲಿ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಬಾರದು, ಗೂಡಿನ ಕಾಲದಲ್ಲಿ ಕೊಕ್ಕರೆಗಳಿರುವ ದಿಬ್ಬದ ಸುತ್ತ ಬಲೆ ಹಾಕಬಾರದು, ಹಕ್ಕಿ ಓಡಿಸಲು ಪಟಾಕಿ ಹಚ್ಚಬಾರದು ಎಂಬ ಷರತ್ತುಗಳು ಹರಾಜಿನ ಪ್ರಕಟಣೆಯಲ್ಲಿಯೇ ಅಚ್ಚಾಗಬೇಕೆಂದು ಕೇಳಿದ್ದೇವೆ. ಹರಾಜು ಕೂಗಿದ ಮೇಲೆ ಷರತ್ತು ಸೇರಿಸಿದರೆ ಗುತ್ತಿಗೆದಾರರು ಒಪ್ಪಲಾರರು, ಒಪ್ಪಬೇಕೆನ್ನುವುದೂ ಸರಿಯಲ್ಲ. ಕರಡನ್ನು ಪಿಡಿಒ ಅವರಿಗೆ ಕೊಟ್ಟಾಗಿದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅದು ಸೇರಿದೆ.