ಎದೆ ಬಡಿತದ ಲಯ ತಪ್ಪಿದೋರಿಗೆ ನಾನು ಮಾತ್ರೆ ಹೇಗೆ ಆರಿಸ್ತೀನಿ

ನಾನು ತಾಲ್ಲೂಕು ಊರಲ್ಲಿ ಕೂತಿರೋ ಫಿಸಿಷಿಯನ್, ಹಾರ್ಟ್ ಸ್ಪೆಷಲಿಸ್ಟ್ ಅಲ್ಲ, ಆದ್ರೆ ಬಡಿತ ಏರುಪೇರಾದೋರು ಮೊದಲು ಬರೋದು ನಮ್ಮಂಥೋರ ಹತ್ರಾನೇ. ಅದರಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದ್ರೆ ಏಎಫ್, ತುಂಬಾ ನೋಡ್ತೀವಿ. ನಾಡಿ ಹಿಡಿದ್ರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಲೆಕ್ಕಾನೇ ಇರಲ್ಲ. ಎಷ್ಟೋ ಜನಕ್ಕೆ ಡವಡವ ಅಂತಾನೂ ಅನ್ಸಿರಲ್ಲ, ಸುಸ್ತು, ಮೆಟ್ಲು ಹತ್ತೋಕಾಗ್ತಿಲ್ಲ ಅಂತ ಬಂದಿರ್ತಾರೆ. ಕೈನಾಡಿ ಎಣಿಸಿದ್ರೆ ಸಾಲಲ್ಲ, ಕೆಲವು ಬಡಿತ ಅಲ್ಲಿವರೆಗೂ ಬರೋದೇ ಇಲ್ಲ, ಅದಕ್ಕೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸ್ತೀನಿ, ಬಿಪಿನೂ ಎರಡು ಮೂರು ಸಲ ನೋಡ್ತೀನಿ, ಆಮೇಲೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್, ಪೊಟ್ಯಾಸಿಯಮ್, ಕಿಡ್ನಿ ನೋಡೋ ಕ್ರಿಯಾಟಿನಿನ್. ಥೈರಾಯ್ಡ್ ಜಾಸ್ತಿ ಆಗಿ ಬಂದಿರೋ ಏಎಫ್ ಆದ್ರೆ, ಥೈರಾಯ್ಡ್ ಹತೋಟಿಗೆ ಬಂದ್ಮೇಲೆ ಎಷ್ಟೋ ಸಲ ತಾನೇ ಹೋಗ್ಬಿಡುತ್ತೆ.

ಬಂದೋರು ಕೇಳೋದು "ಸಾರ್, ಬಡಿತ ಸರಿ ಮಾಡಿ" ಅಂತ. ನನ್ನ ತಲೇಲಿ ಮೊದಲು ಓಡೋದು ಲಕ್ವ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ನೆ ನಡುಗ್ತಾ ಇರುತ್ತಲ್ಲ, ಅಲ್ಲಿ ಎಡಗಡೆ ಮೂಲೇಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದು ಕಳಚ್ಕೊಂಡು ಮೆದುಳಿಗೆ ಹೋದ್ರೆ ಒಂದು ಕಡೆ ಕೈಕಾಲು ಬಿದ್ದೋಗುತ್ತೆ. ಏಎಫ್ ಇರೋರಿಗೆ ಈ ಅಪಾಯ ಸುಮಾರು 5 ಪಟ್ಟು. ಹಾಗಾಗಿ ರಕ್ತ ತೆಳು ಮಾಡೋ ಮಾತ್ರೆ ಬೇಕಾ, ಬೇಕಿದ್ರೆ ಯಾವುದು, ಇದು ತೀರ್ಮಾನ ಆಗೋವರೆಗೂ ನಾನು ಬೇರೆ ವಿಷಯಕ್ಕೆ ಹೋಗಲ್ಲ.

ಇಲ್ಲೇ ಎಕೋ ಬೇಕಾಗೋದು. ಚಿಕ್ಕಂದಿನಲ್ಲಿ ಕೀಲುನೋವು ಜ್ವರ (ರುಮ್ಯಾಟಿಕ್ ಜ್ವರ) ಬಂದು ಹೃದಯದ ಎಡಗಡೆ ಇರೋ ಮೈಟ್ರಲ್ ವಾಲ್ವ್ ಕಿರಿದಾಗಿರೋ ಹೆಂಗಸರು ನಮ್ಮ ಕಡೆ ಈಗಲೂ ಇದ್ದಾರೆ. ಅಂಥೋರಿಗೆ, ಮತ್ತೆ ಲೋಹದ ವಾಲ್ವ್ ಹಾಕಿಸ್ಕೊಂಡೋರಿಗೆ, ನಾನು ಕೊಡೋದು ರಕ್ತ ತೆಳು ಮಾಡೋ ಹಳೇ ಮಾತ್ರೆಗಳಾದ ಅಸಿಟ್ರಾಮ್ ಇಲ್ಲ ವಾರ್ಫರಿನ್ನೇ. ಹೊಸ ಮಾತ್ರೆಗೆ ರಕ್ತ ಪರೀಕ್ಷೆ ರಗಳೆ ಇಲ್ಲ ಅಂತ ಆಸೆ ಆಗೋದು ಸಹಜ, ಆದ್ರೆ ರುಮ್ಯಾಟಿಕ್ ಹೃದಯದ ಏಎಫ್‌ಗೆ ರಿವರಾಕ್ಸಬಾನ್ ಅನ್ನೋ ಹೊಸ ಮಾತ್ರೆ ಕೊಟ್ಟು ನೋಡಿದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಬಂತು, ಅದರಲ್ಲಿ ಹಳೇ ಮಾತ್ರೆ ತಗೊಂಡೋರಲ್ಲೇ ಸಾವು ಕಮ್ಮಿ ಇತ್ತು. ಹಳೇದಕ್ಕೆ ಇರೋ ಕಷ್ಟ ಐಎನ್‌ಆರ್, ಅಂದ್ರೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡೋ ರಕ್ತ ಪರೀಕ್ಷೆ. ಏಎಫ್‌ಗೆ ಅದು 2ರಿಂದ 3ರ ಒಳಗಿರ್ಬೇಕು. ಸೊಪ್ಪಲ್ಲಿರೋ ವಿಟಮಿನ್ ಕೆ ಈ ಮಾತ್ರೆಗೆ ಎದುರು, ಅದಕ್ಕೆ "ಸೊಪ್ಪು ಮುಟ್ಟಲೇಬೇಡಿ" ಅಂತ ಹೇಳಿ ಕಳಿಸೋರು ಇದ್ದಾರೆ, ನಾನು ಹಾಗೆ ಹೇಳಲ್ಲ. ಬಸ್ಸಾರು, ಮಸೊಪ್ಪು ಬಿಟ್ಟು ನಮ್ಮ ಅಜ್ಜಿಯರು ಊಟ ಮಾಡೋದೆಲ್ಲಿ? "ಅಮ್ಮ, ದಿನಾ ಎಷ್ಟು ತಿಂತಿದ್ರೋ ಅಷ್ಟೇ ತಿನ್ನಿ, ಒಂದು ವಾರ ಪೂರ್ತಿ ಬಿಟ್ಟು ಇನ್ನೊಂದು ವಾರ ತಟ್ಟೆ ತುಂಬಾ ಹಾಕ್ಕೋಬೇಡಿ" ಅಂತೀನಿ, ಡೋಸನ್ನ ಅವರ ಊಟಕ್ಕೆ ನಾನೇ ಹೊಂದಿಸ್ತೀನಿ.

ವಾಲ್ವ್ ಸರಿ ಇದ್ರೆ ಲೆಕ್ಕ ಬೇರೆ, ಲಕ್ವದ ಅಪಾಯಕ್ಕೆ ಅಂಕ ಹಾಕ್ತೀನಿ. ವಯಸ್ಸು 65 ಆಗಿದ್ರೆ ಒಂದು ಅಂಕ, 75 ಆಗಿದ್ರೆ ಎರಡು, ಬಿಪಿ, ಶುಗರ್, ಹಾರ್ಟ್ ಫೇಲ್ಯೂರ್, ರಕ್ತನಾಳದ ಕಾಯಿಲೆ ತಲಾ ಒಂದು, ಹಿಂದೆ ಲಕ್ವ ಹೊಡೆದಿದ್ರೆ ಎರಡು. ಒಟ್ಟು ಎರಡು ಇಲ್ಲ ಜಾಸ್ತಿ ಆದ್ರೆ ಅಪಿಕ್ಸಬಾನ್ ಅನ್ನೋ ಹೊಸ ಮಾತ್ರೆ ಬರೀತೀನಿ, ಒಂದಾದ್ರೆ ಕೂತು ಮಾತಾಡ್ತೀನಿ. ದಿನಕ್ಕೆ ಎರಡು ಸಲ ತಗೋಬೇಕು, ಐಎನ್‌ಆರ್ ಬೇಡ, ಪೇಟೆಂಟ್ ಮುಗಿದ್ಮೇಲೆ ಬೆಲೆನೂ ಇಳಿದಿದೆ. ಕೆಲವರು "ನಾನು ಎಕೋಸ್ಪ್ರಿನ್ ತಗೋತಿದೀನಲ್ಲ ಸಾರ್" ಅಂತಾರೆ. ಅದು ಆಸ್ಪಿರಿನ್, ಏಎಫ್‌ನ ಲಕ್ವ ತಡೆಯೋಕೆ ಸಾಲಲ್ಲ. 2011ರ ಅವೆರೋಸ್ ಅಧ್ಯಯನದಲ್ಲಿ ಆಸ್ಪಿರಿನ್ ತಗೊಂಡೋರಿಗೆ ಹೋಲಿಸಿದ್ರೆ ಅಪಿಕ್ಸಬಾನ್ ತಗೊಂಡೋರಲ್ಲಿ ಲಕ್ವ ಅರ್ಧಕ್ಕಿಂತ ಕಮ್ಮಿ ಆಗಿತ್ತು, ದೊಡ್ಡ ರಕ್ತಸ್ರಾವ ಹೆಚ್ಚುಕಮ್ಮಿ ಎರಡರಲ್ಲೂ ಒಂದೇ.

ಇನ್ನು ಬಡಿತದ ವೇಗ ಇಳಿಸೋ ಮಾತ್ರೆ. ಮೆಟೊಪ್ರೊಲಾಲ್ ಮೊದಲು, ಆಸ್ತಮಾ ಇದ್ರೆ ಡಿಲ್ಟಿಯಾಜೆಮ್, ಆದ್ರೆ ಪಂಪಿಂಗ್ ಕಮ್ಮಿ ಇರೋರಿಗೆ ಡಿಲ್ಟಿಯಾಜೆಮ್ ಬೇಡ. ಡಿಗಾಕ್ಸಿನ್ ವಯಸ್ಸಾದೋರಿಗೆ ಸಣ್ಣ ಡೋಸಲ್ಲಿ, ಕಿಡ್ನಿ ನೋಡ್ಕೊಂಡು. ಕೂತಾಗ ಬಡಿತ ನಿಮಿಷಕ್ಕೆ 110ರ ಒಳಗಿದ್ದು ಆರಾಮಾಗಿದ್ರೆ 70ಕ್ಕೆ ಇಳಿಸ್ಲೇಬೇಕು ಅಂತ ಮಾತ್ರೆ ಮೇಲೆ ಮಾತ್ರೆ ಹಾಕಲ್ಲ.

ಲಯಾನೇ ವಾಪಸ್ ತರೋದು ಇನ್ನೊಂದು ದಾರಿ. ಮುಂಚೆ ನಾನು ಇದಕ್ಕೆ ಕಳಿಸ್ತಿದ್ದದ್ದು ಕಮ್ಮಿ, 2020ರಲ್ಲಿ ಈಸ್ಟ್ ಅಧ್ಯಯನ ಬಂದ್ಮೇಲೆ, ಪತ್ತೆ ಆಗಿ ವರ್ಷದೊಳಗೇ ಶುರು ಮಾಡಿದ್ರೆ ಲಾಭ ಇದೆ ಅಂತ ಗೊತ್ತಾದ್ಮೇಲೆ, ಬೆಂಗಳೂರು ಇಲ್ಲ ಮೈಸೂರಿಗೆ ಬೇಗ ಬರ್ದುಕೊಡ್ತೀನಿ. ಅಲ್ಲಿ ಔಷಧಿ, ಕರೆಂಟ್ ಶಾಕ್, ಇಲ್ಲ ಅಬ್ಲೇಷನ್. ಶ್ವಾಸಕೋಶದಿಂದ ರಕ್ತ ತರೋ ನಾಳಗಳಲ್ಲೇ ಹೆಚ್ಚಾಗಿ ಈ ಕಿಡಿ ಹುಟ್ಟೋದು ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದವರು ತೋರಿಸಿದ್ರು, ಅಬ್ಲೇಷನ್ ಅಂದ್ರೆ ಆ ನಾಳಗಳ ಬಾಯಿ ಸುತ್ತ ಸುಟ್ಟು ಇಲ್ಲ ಮಂಜಿನ ಥರ ತಣ್ಣಗೆ ಮಾಡಿ ಬೇಲಿ ಹಾಕೋದು. ಮತ್ತೆ ಬರಬಹುದು, ಎರಡನೇ ಸಲ ಮಾಡಿಸ್ಬೇಕಾಗಬಹುದು, ಅದನ್ನ ಮುಂಚೆನೇ ಹೇಳ್ತೀನಿ. ಲಯ ಹಿಡಿದಿಡೋ ಅಮಿಯೊಡಾರೋನ್ ಮಾತ್ರೆ ಹಾಕಿ ಕಳಿಸಿದ್ರೆ ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ನೋಡೋ ಕೆಲಸ ನಂದು.

ಬಡಿತ ಓಡೋದೆಲ್ಲ ಏಎಫ್ ಅಲ್ಲ, ಇದನ್ನೂ ಹೇಳ್ಬೇಕು. ಚಿಕ್ಕ ವಯಸ್ಸಿನೋರಿಗೆ ಇದ್ದಕ್ಕಿದ್ದಂಗೆ 180, 200 ಓಡಿ, ಇಸಿಜಿಯಲ್ಲಿ ಒಂದೇ ಸಮ ಇದ್ರೆ ಬಹುಪಾಲು ಎಸ್‌ವಿಟಿ, ಅಂದ್ರೆ ಹೃದಯದ ಮೇಲ್ಭಾಗದಿಂದ ಶುರುವಾಗೋ ಓಟದ ಬಡಿತ. ಅವರಿಗೆ ಬಿಪಿ ಚೆನ್ನಾಗಿದ್ರೆ 10 ಎಂಎಲ್ ಸಿರಿಂಜ್ ಕೊಟ್ಟು 15 ಸೆಕೆಂಡ್ ಜೋರಾಗಿ ಊದಿಸಿ, ತಕ್ಷಣ ಅಂಗಾತ ಮಲಗಿಸಿ ಎರಡೂ ಕಾಲು ಎತ್ತಿ ಹಿಡೀತೀವಿ. ನಿಲ್ದಿದ್ರೆ ಅಡೆನೊಸಿನ್ ಇಂಜೆಕ್ಷನ್, ಅದೂ ಆಸ್ತಮಾ ಇಲ್ಲದಿದ್ರೆ. ಇವರಿಗೆ ಅಬ್ಲೇಷನ್ ಮಾಡಿದ್ರೆ ಬಹುತೇಕರಿಗೆ ಶಾಶ್ವತವಾಗಿ ಹೋಗುತ್ತೆ.

ಏಎಫ್‌ಗೆ ಅಬ್ಲೇಷನ್ ಆಗಿ ಬಂದೋರು "ಬಡಿತ ಸರಿಯಾಯ್ತಲ್ಲ, ತೆಳು ಮಾಡೋ ಮಾತ್ರೆ ಬಿಡ್ಲಾ ಸಾರ್" ಅಂತ ಕೇಳೇ ಕೇಳ್ತಾರೆ. ಎರಡು ಮೂರು ತಿಂಗಳಂತೂ ಯಾರೂ ಬಿಡೋ ಹಾಗಿಲ್ಲ, ಆಮೇಲೂ ಅಂಕ ನೋಡಿ ಹೇಳ್ತೀನಿ, ಇಸಿಜಿ ನೋಡಿ ಅಲ್ಲ. ಮಾತ್ರೆ ನಡೀತಿರೋವಾಗ ಮಂಡಿನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ಪೇನ್‌ಕಿಲ್ಲರ್ ನುಂಗಿದ್ರೆ ಹೊಟ್ಟೇಲಿ ರಕ್ತ ಸೋರಬಹುದು, ಅದಕ್ಕೆ ಚೀಟಿ ಮೇಲ್ಗಡೆನೇ ದಪ್ಪಕ್ಷರದಲ್ಲಿ ಬರೀತೀನಿ: ನೋವಿಗೆ ಪ್ಯಾರಸಿಟಮಾಲ್ ಮಾತ್ರ, ಮಲ ಕಪ್ಪಗೆ ಹೋದ್ರೆ ಅವತ್ತೇ ಬನ್ನಿ.