ಹವ್ಯಾಸಕ್ಕೆ ಡ್ರೋನ್ ಕೊಳ್ಳುವಾಗ

ಮೊದಲು ತೂಕ ನೋಡಿ. 250 ಗ್ರಾಂ ಒಳಗಿದ್ದರೆ ಅದು ನ್ಯಾನೋ ವರ್ಗ. 2021ರ ಡ್ರೋನ್ ನಿಯಮದಂತೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಹಾರಾಟಕ್ಕೆ ನಿರ್ಬಂಧವಿರುವ ಕೆಂಪು, ಹಳದಿ ವಲಯಗಳಲ್ಲಿ ಹಾರಿಸಲು ಮೊದಲೇ ಅನುಮತಿ ಬೇಕು. 249 ಗ್ರಾಂ ಡ್ರೋನಿಗೆ ದೊಡ್ಡ ಬ್ಯಾಟರಿಯನ್ನೋ ಪ್ರೊಪೆಲ್ಲರ್ ಗಾರ್ಡನ್ನೋ ಸಿಕ್ಕಿಸಿದರೆ ಲೆಕ್ಕ ತಪ್ಪಿತೆಂದೇ ತಿಳಿಯಿರಿ.

ಡಬ್ಬದ ಮೇಲಿನ ‘4ಕೆ’ಗೆ ಮರುಳಾಗಬೇಡಿ. ಮೂರು ಆಕ್ಸಿಸ್ ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿದಿಡುವ ಮೋಟಾರು ತೊಟ್ಟಿಲು) ಇದೆಯಾ ಕೇಳಿ; ಇಲ್ಲದಿದ್ದರೆ ಗಾಳಿಗೆ ಡ್ರೋನ್ ವಾಲಿದಂತೆಲ್ಲ ಚಿತ್ರವೂ ವಾಲುತ್ತದೆ.

ಹೆಚ್ಚುವರಿ ಬ್ಯಾಟರಿ ಎರಡು, ವಿ30 ಗುರುತಿನ (ವಿಡಿಯೊ ಬರೆಯುವಷ್ಟು ವೇಗದ) ಮೈಕ್ರೋಎಸ್‌ಡಿ ಕಾರ್ಡ್, ಒಂದು ಸೆಟ್ ರೆಕ್ಕೆ: ಶುರುವಿಗೆ ಧಾರಾಳ. ರೆಕ್ಕೆಯ ಅಂಚು ಉಗುರಿಗೆ ತೊಡರಿದರೆ ಬದಲಿಸಿ; ಸೀಳಿದ ರೆಕ್ಕೆ ನಡುಗಿ ವಿಡಿಯೊ ಜೆಲ್ಲಿಯಂತೆ ಅಲುಗುತ್ತದೆ. ಲೆನ್ಸಿಗೆ ಬೀಳುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಆಮೇಲೆ ಕೊಂಡರಾಯಿತು. ಎಫ್/2.8 ಲೆನ್ಸಿನಲ್ಲಿ, ಸುಡುಬಿಸಿಲಲ್ಲಿ, ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಶಟರ್ 1/50 ಸೆಕೆಂಡಿಗೆ ಇಳಿಯಬೇಕಾದರೆ ಎನ್‌ಡಿ64 (ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವಂಥದ್ದು) ಬೇಕು. ವಾರಗಟ್ಟಲೆ ಹಾರಿಸದಿದ್ದರೆ ಬ್ಯಾಟರಿ ಶೇ. 50ರ ಆಸುಪಾಸಿನಲ್ಲಿರಲಿ, ಫುಲ್ ಚಾರ್ಜಿನಲ್ಲೇ ಬಿಟ್ಟರೆ ಊದಿಕೊಳ್ಳಬಹುದು.